ಮೆಣಸಿನಕಾಯಿ ಸರದಲ್ಲಿ ಆಲಿವ್ ಎಲೆ

ವಸೀಲಾ ಮೆಣಸಿನಕಾಯಿ ಪೋಣಿಸುವುದನ್ನು ನೋಡಲು ಸಮುದ್ರದಂಚಿನ ಊರಾದ ಕೊರ್ಬಾದ ಹೆಂಗಸರು ತಮ್ಮ ಕೆಲಸ ನಿಲ್ಲಿಸುತ್ತಿದ್ದರು. ಎಡಗೈ ಬುಟ್ಟಿಯೊಳಗೆ ಕುರುಡಾಗಿ ಇಳಿದು ತೊಟ್ಟು ಹಿಡಿದು ಮೇಲೆ ಬರುವಷ್ಟರಲ್ಲಿ ಬಲಗೈಯ ದಬ್ಬಣ ಅಲ್ಲಿ ಕಾದು ನಿಂತಿರುತ್ತಿತ್ತು. ಒಂದು ಮಾರು ದಾರ ತುಂಬಲು ಉಳಿದವರಿಗೆ ಒಂದು ಹರಟೆಯಷ್ಟು ಹೊತ್ತು ಬೇಕಾದರೆ ಇವಳಿಗೆ ಒಂದು ಬೈಗುಳದಷ್ಟು ಸಾಕು ಎಂದು ಗಂಡನ ಅಕ್ಕ ಬೆಹಿಜಾ ಹೇಳುತ್ತಿದ್ದಳು. ಹೊಗಳಿಕೆಯಲ್ಲೂ ಒಂದು ಬೈಗುಳ ಸೇರಿಸದೆ ಬೆಹಿಜಾಳಿಗೆ ಸಮಾಧಾನವಿಲ್ಲ.

ಆ ಕೈ ಇದ್ದ ಮೈಗೇ ಒಂದು ತಲೆಯೂ ಇತ್ತು. ಹದಿಮೂರನೆಯ ವಯಸ್ಸಿನಲ್ಲಿ, ತಾಯಿಯ ಮನೆಯ ಅಂಗಳದಲ್ಲಿ ಹೀಗೇ ಪೋಣಿಸುತ್ತ ಕೂತಿದ್ದಾಗ, ವಸೀಲಾಳ ಬಲಗಣ್ಣಿನ ಅಂಚಿನಲ್ಲಿ ಒಂದು ಬೆಳಕು ಮೂಡಿತು. ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ, ನಡುಗುತ್ತ, ಬೆಳೆಯುತ್ತ ಬಂದು ಬುಟ್ಟಿಯ ಅರ್ಧವನ್ನು ನುಂಗಿತು. ಯಾವುದೋ ಪವಾಡವೆಂದು ಹುಡುಗಿ ಬಾಯಿ ತೆರೆದು ನೋಡಿದಳು. ಬೆಳಕು ಆರಿತು, ಅದು ಬಿಟ್ಟುಹೋದ ಜಾಗಕ್ಕೆ ನೋವು ಬಂತು. ಅರ್ಧ ತಲೆಗೆ ಮಾತ್ರ, ಗೆರೆ ಕೊಯ್ದಂತೆ. ಬೆಳಕು ತಾಕಿದರೆ ನೋವು, ಪಾತ್ರೆ ಸದ್ದಾದರೆ ನೋವು, ಹೊಟ್ಟೆಯೊಳಗಿನದೆಲ್ಲ ಹೊರಗೆ. ತಾಯಿ ನಿಂಬೆಹಣ್ಣಿನ ಬಿಲ್ಲೆಗಳನ್ನು ಕಣತಲೆಗಿಟ್ಟು ಮೇಲೊಂದು ಕೆಂಪು ಬಟ್ಟೆ ಬಿಗಿದು ಕಟ್ಟಿದಳು. "ನಿನಗೂ ಬಂತಾ," ಎಂದಳು, ಮಗಳು ದೊಡ್ಡವಳಾದಾಗ ಹೇಳಿದ ಅದೇ ದನಿಯಲ್ಲಿ.

ಹೆಂಗಸು ಹಗಲಲ್ಲಿ ಮಲಗುವುದಕ್ಕೆ ನಮ್ಮಲ್ಲಿ ಮೂರೇ ಪರವಾನಗಿ: ಹೆರಿಗೆ, ಸಾವು, ಹಣೆಯ ಮೇಲಿನ ಬಟ್ಟೆ. ಆ ಬಟ್ಟೆ ಬಿಗಿದವಳನ್ನು ಯಾರೂ ಕರೆಯುವಂತಿಲ್ಲ. ಅವಳ ರೊಟ್ಟಿಯನ್ನು ಮತ್ತೊಬ್ಬಳು ಸುಡಬೇಕು. ಬೈದುಕೊಂಡೇ ಸುಡಲಿ, ಸುಡಬೇಕು.

ಇಪ್ಪತ್ತಕ್ಕೆ ಮದುವೆಯಾಗಿ ಗಂಡ ಮುನ್ಸಿಫ್‌ನ ಮನೆಗೆ ಬಂದಾಗ ವಸೀಲಾ ಹಾಸಿಗೆ, ಪೆಟ್ಟಿಗೆಗಳ ಜೊತೆ ಆ ಬಟ್ಟೆಯನ್ನೂ ತಂದಳು. ಮುನ್ಸಿಫ್ ಟೊಮ್ಯಾಟೊ ಕಾರ್ಖಾನೆಯಲ್ಲಿ ಲಾರಿಗಳನ್ನು ತೂಗುವ ಕೆಲಸದವನು. ಒಳ್ಳೆಯವನೇ, ಕೈಯೆತ್ತಿದವನಲ್ಲ, ಕುಡಿದು ಬಂದವನಲ್ಲ. ಅತ್ತೆ ಶೆದ್ಲಿಯಾ ಕಡಿಮೆ ಮಾತಿನವಳು, ಮಂಡಿನೋವಿನವಳು. ಒಬ್ಬಳೇ ಮಗಳು ರಹ್ಮಾ ಹುಟ್ಟಿದಳು, ಬೆಳೆದಳು, ಅವಳಿಗೆ ಹದಿನಾಲ್ಕು ತುಂಬಿತು. ತಿಂಗಳಿಗೆ ಎಂಟೊಂಬತ್ತು ದಿನ ವಸೀಲಾಳ ಹಣೆಗೆ ಬಟ್ಟೆ ಏರುತ್ತಿತ್ತು.

"ನಿನ್ನ ತಲೆಗೆ ಬುದ್ಧಿ ಜಾಸ್ತಿ ಕಣೇ," ಎನ್ನುವಳು ಬೆಹಿಜಾ. "ಕೆಲಸ ಇರೋ ದಿನಾನೇ ಹುಡುಕ್ಕೊಂಡು ನೋಯುತ್ತೆ."

ತಲೆನೋವಿಗಾದರೆ ಹೆಸರಿತ್ತು, ಬಟ್ಟೆಯಿತ್ತು. ವಸೀಲಾಳೊಳಗೆ ಇನ್ನೊಂದಿತ್ತು, ಅದಕ್ಕೆ ಎರಡೂ ಇರಲಿಲ್ಲ. ಕೆಲವು ಬೆಳಿಗ್ಗೆ ಎದ್ದರೆ ಲೋಕಕ್ಕೆ ಬೂದಿ ಬಳಿದಂತಿರುತ್ತಿತ್ತು. ಸಮುದ್ರಕ್ಕೂ ಮನೆಗೂ ನಡುವಿನ ಹಿನ್ನೀರಿನಲ್ಲಿ ನಸುಗೆಂಪು ರಾಜಹಂಸಗಳು ಇಳಿದಿದ್ದರೂ ಅವಳಿಗೆ ಕಾಣುತ್ತಿದ್ದದ್ದು ಒಗೆದು ಹಾಕಿದ ಹಳೆ ಬಟ್ಟೆ. ಬಾಯಿಗಿಟ್ಟದ್ದಕ್ಕೆ ರುಚಿಯಿಲ್ಲ. ರಹ್ಮಾ ಶಾಲೆಯ ಕತೆ ಹೇಳಿದರೆ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೆ. ಅಂಥ ದಿನ ಅವಳು ಮಲಗುತ್ತಿರಲಿಲ್ಲ. ಮಲಗಲು ಏನು ಕಾರಣ ಹೇಳುವುದು? ಯಾರೂ ಸತ್ತಿರಲಿಲ್ಲ. ಅದಕ್ಕೇ ಎರಡರಷ್ಟು ಕೆಲಸ ಮಾಡುತ್ತಿದ್ದಳು. ಕೈ ಓಡುತ್ತಿದ್ದರೆ ಮುಖದ ಕಡೆ ಯಾರೂ ನೋಡುವುದಿಲ್ಲ, ಇದನ್ನು ಅವಳು ಚೆನ್ನಾಗಿ ಅರಿತಿದ್ದಳು.

ಆ ವರ್ಷ ಚಳಿಗಾಲ ಉದ್ದವಾಗಿತ್ತು. ಅಂಥ ಇನ್ನೊಂದನ್ನು ತಾನು ದಾಟಲಾರೆ ಎಂದು ವಸೀಲಾಳಿಗೆ ಒಂದು ದಿನ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಸುಮ್ಮನೆ, ಅಳುವಿಲ್ಲದೆ, ತಿಳಿದುಹೋಯಿತು. ಆ ತಿಳಿವಿಗೆ ಹೆದರಿಯೇ ಜೂನ್ ಮೊದಲ ಮಂಗಳವಾರ ಆರೋಗ್ಯ ಕೇಂದ್ರಕ್ಕೆ ನಡೆದಳು.

ಮೊದಲಿದ್ದ ವೈದ್ಯ ಸೂಜಿ ಚುಚ್ಚಿ "ಹೆಂಗಸರ ಕಾಯಿಲೆ" ಎಂದು ಕಳಿಸಿದ್ದ. ಈಗ ಮಂಗಳವಾರಗಳಂದು ಬರುತ್ತಿದ್ದವಳು ಡಾಕ್ಟರ್ ಇಂತಿಸಾರ್, ಆರು ತಿಂಗಳ ಬಸುರಿ, ಕುರ್ಚಿಯಲ್ಲಿ ಅಡ್ಡಡ್ಡ ಕೂರುವವಳು. ಬೆಳಕಿನ ಗರಗಸದ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಇಪ್ಪತ್ತೈದು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದಳು.

"ತಲೆ ನೋಯದ ದಿನ ಹೇಗಿರ್ತೀರಿ?"

"ನೋಯದ ದಿನ ಕೆಲಸ ಮಾಡ್ತೀನಿ."

"ಕೆಲಸ ಗೊತ್ತಾಯ್ತು. ನೀವು ಹೇಗಿರ್ತೀರಿ?"

ವಸೀಲಾ ಗೋಡೆ ನೋಡಿದಳು. "ಕೆಲವು ದಿನ ನಾನು ಇರೋದಿಲ್ಲ, ಡಾಕ್ಟರಮ್ಮಾ."

"ಎಲ್ಲಿಗೆ ಹೋಗ್ತೀರಿ?"

"ಎಲ್ಲೂ ಇಲ್ಲ. ಕೈ ಇರುತ್ತೆ, ಕಾಲು ಇರುತ್ತೆ, ನಾನಿರಲ್ಲ. ಯಾರೂ ಸತ್ತಿಲ್ಲ, ಗಂಡ ಹೊಡೆಯಲ್ಲ, ಮನೇಲಿ ಹಿಟ್ಟಿದೆ. ನಾಚ್ಕೆಯಾಗುತ್ತೆ ಹೇಳೋಕೆ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ನಾಚ್ಕೆ ಯಾಕೆ? ಇದಕ್ಕೂ ಹೆಸರಿದೆ, ಖಿನ್ನತೆ ಅಂತ. ಅರೆತಲೆನೋವು ಇರೋರಲ್ಲಿ ಎಷ್ಟೋ ಜನಕ್ಕೆ ಇದೂ ಇರುತ್ತೆ. ಎರಡಕ್ಕೂ ನಂಟು. ಒಂದು ಇನ್ನೊಂದನ್ನ ಕರೆಯುತ್ತೆ. ಮನಸ್ಸು ಕುಗ್ಗಿದ್ರೆ ಅದೇ ನೋವು ಹೆಚ್ಚು ನೋಯುತ್ತೆ, ಬೇಗ ಬಿಡಲ್ಲ. ನೋವು ಬಿಡದಿದ್ರೆ ಮನಸ್ಸು ಇನ್ನಷ್ಟು ಕುಗ್ಗುತ್ತೆ."

ವಸೀಲಾ ಬೆರಗಾಗಿ ಕೂತಳು. ತನ್ನೊಳಗಿನ ಎರಡು ಅಪರಿಚಿತರು ಒಬ್ಬರನ್ನೊಬ್ಬರು ಬಲ್ಲರೇ!

"ನಿಮ್ಮಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅಂತ ನನಗೆ ಕಾಣ್ಬೇಕು," ಎಂದಳು ಡಾಕ್ಟರ್. "ಇವತ್ತಿಂದ ಹದಿಮೂರು ವಾರ, ದಿನಾ ಗುರುತು ಹಾಕಿ. ನೋವಿನ ದಿನ ಒಂದು ಗುರುತು, ನೀವು ಇಲ್ಲದ ದಿನ ಇನ್ನೊಂದು. ಅದನ್ನ ನೋಡಿ ಔಷಧಿ ಬರೀತೀನಿ. ಸೆಪ್ಟೆಂಬರ್ ಆರು ನನ್ನ ಕೊನೇ ಮಂಗಳವಾರ, ಆಮೇಲೆ ಬಾಣಂತನಕ್ಕೆ ಹೋದ್ರೆ ವಸಂತಕ್ಕೇ ವಾಪಸ್ಸು. ಬರಿಗೈಲಿ ಮಾತ್ರ ಬರ್ಬೇಡಿ."

ವಸೀಲಾಳಿಗೆ ಓದುಬರಹವಿಲ್ಲ. ರಹ್ಮಾಳ ಕೈಲಿ ಬರೆಸಬಹುದಿತ್ತು. ಆದರೆ "ಅಮ್ಮ ಇವತ್ತು ಇರಲಿಲ್ಲ" ಎಂದು ಮಗಳಿಂದ ಹೇಗೆ ಬರೆಸುವುದು? ಅವಳು ತನಗೆ ಬರುವ ಬರವಣಿಗೆಯನ್ನೇ ಹಿಡಿದಳು. ದಬ್ಬಣಕ್ಕೆ ದಾರ ಹಾಕಿದಳು. ನೋವಿನ ದಿನಕ್ಕೆ ಒಂದು ಒಣ ಮೆಣಸಿನಕಾಯಿ. ತಾನಿಲ್ಲದ ದಿನಕ್ಕೆ ಅಂಗಳದ ಆಲಿವ್ ಮರದ ಒಂದು ಎಲೆ. ಒಣಗಿದರೆ ಬೂದಿ ಬಣ್ಣ, ವಾಸನೆಯಿಲ್ಲ, ಖಾರವಿಲ್ಲ, ಏನೂ ಇಲ್ಲ. ಎರಡೂ ಇಲ್ಲದ ದಿನಕ್ಕೆ ಬರೀ ಗಂಟು. ಸರವನ್ನು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಅಲ್ಲಿ ಹೋದ ವರ್ಷದ್ದೂ ಎರಡು ಸರ ಇದ್ದವು, ಯಾರಿಗೂ ಅನುಮಾನ ಬರಲಿಲ್ಲ.

ಬೇಸಿಗೆ ನಡೆಯಿತು. ಬೇಸಿಗೆಯೆಂದರೆ ನಮ್ಮ ಹೆಂಗಸರಿಗೆ ಔಲಾ, ಇಡೀ ವರ್ಷದ ಊಟವನ್ನು ಮೂರು ತಿಂಗಳಲ್ಲಿ ಮಾಡಿ ಮುಚ್ಚಿಡುವ ಕಾಲ. ಗಂಡಸರು ಚಳಿಗಾಲದಲ್ಲಿ ಜಾಡಿಯೊಳಗೆ ಕೈ ಹಾಕುವಾಗ ಅದು ತಾನಾಗಿ ತುಂಬಿಕೊಂಡಿತೆಂದೇ ತಿಳಿದಿರುತ್ತಾರೆ. ಗೋಧಿ ಆರಿಸಿ, ಒಡೆದು, ಕುಸ್ಕುಸ್ ಹೊಸೆದು, ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಒಣಗಿಸಬೇಕು. ಟೊಮ್ಯಾಟೊ ಸೀಳಿ ಉಪ್ಪು ಹಾಕಬೇಕು. ಎಲ್ಲಕ್ಕೂ ಕೊನೆಗೆ ಹರೀಸಾ, ಮೆಣಸಿನಕಾಯಿ ನೆನೆಸಿ ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಉಪ್ಪು ಸೇರಿಸಿ ರುಬ್ಬಿ, ಮೇಲೆ ಎಣ್ಣೆ ನಿಲ್ಲಿಸಿದ ಖಾರ. ಅದರ ನಡುವೆ ಬೆಹಿಜಾಳ ಮಗಳ ನಿಶ್ಚಿತಾರ್ಥವೂ ಆಯಿತು. ಪ್ರತಿ ಸಂಜೆ, ಅಸರ್ ನಮಾಜಿನ ಬಾಂಗ್ ಆದ ಮೇಲೆ, ವಸೀಲಾ ಸರಕ್ಕೊಂದು ದಿನ ಸೇರಿಸುತ್ತಿದ್ದಳು. ಬಿಡಿಸಿ ನೋಡುತ್ತಿರಲಿಲ್ಲ. ಅದನ್ನು ಓದುವವಳು ಡಾಕ್ಟರಮ್ಮ, ತಾನು ಬರೀ ಬರೆಯುವವಳು ಎಂದುಕೊಂಡಿದ್ದಳು.

ಸೆಪ್ಟೆಂಬರ್ ಐದು, ಸೋಮವಾರ. ಬೆಳಿಗ್ಗೆಯೇ ಎರಡು ಹಾಸಿಗೆಯ ಉಣ್ಣೆಯನ್ನು ಬಿಚ್ಚಿ, ಮೂಟೆ ಕಟ್ಟಿ, ವಸೀಲಾ ಸಮುದ್ರಕ್ಕೆ ಹೋದಳು. ಸೊಂಟದ ಮಟ್ಟ ನೀರಿನಲ್ಲಿ ನಿಂತು ಉಣ್ಣೆ ಬಡಿದು, ಜಾಲಿಸಿ, ಮರಳ ಮೇಲೆ ಹರಡಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದಳು. ಅಂಗಳದಲ್ಲಿ ಬೆಹಿಜಾ ಕೂತಿದ್ದಳು, ಮುಂದೆ ಮಗುವನ್ನು ಮೀಯಿಸುವಷ್ಟು ದೊಡ್ಡ ಬೋಗುಣಿ, ತುಂಬ ನೆನೆಹಾಕಿದ ಮೆಣಸಿನಕಾಯಿ. ಹರೀಸಾ ಮಾಡಲು ತಮ್ಮನ ಮನೆಗೆ ಬಂದಿದ್ದಳು, ಒಂದು ದಿನ ಮುಂಚೆಯೇ.

"ಬಂದ್ಯಾ ಮಹಾರಾಣಿ? ಉಪ್ಪುನೀರಲ್ಲಿ ಆಟ ಆಯ್ತಾ? ಕೂತ್ಕೋ, ತೊಟ್ಟು ಬಿಡಿಸು. ಹಳೇ ಸರಗಳನ್ನೂ ಹಾಕ್ಬಿಟ್ಟೆ, ಬಾಗಿಲ ಹಿಂದೆ ಧೂಳು ತಿಂತಾ ಇದ್ವು. ಅಲ್ವೇ, ಒಂದರಲ್ಲಿ ಯಾರೇ ಎಲೆ ಕಸ ಪೋಣಿಸಿದ್ದು? ಕಿತ್ತು ಒಲೆಗೆ ಹಾಕ್ದೆ."

ವಸೀಲಾ ಒಳಗೆ ಹೋದಳು. ಮೊಳೆ ಖಾಲಿ. ಹೊರಗೆ ಬಂದಳು. ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೀರಿಗೆ ಕೈ ಹಾಕಿದಳು. ನಾನೂರು ಕಾಯಿ, ಎಲ್ಲವೂ ಒಂದೇ ಕೆಂಪು, ಒಂದೇ ಮೆದು. ಕೈ ಬೆರಳು ಉರಿಯುವವರೆಗೂ ತಡಕಿದಳು.

"ಏನೇ ಕಳ್ಕೊಂಡೆ, ಉಂಗುರವಾ?"

"ಇಲ್ಲ ಬೆಹಿಜಾ ಅಕ್ಕಾ. ಬೇಸಿಗೆ."

ಅಷ್ಟು ಹೇಳಿದ ಮೇಲೆ ಉಳಿದದ್ದೂ ಹೊರಗೆ ಬಂತು. ಡಾಕ್ಟರ್, ಗುರುತು, ನಾಳೆಯ ಮಂಗಳವಾರ, ಮೆಣಸಿನಕಾಯಿ, ಎಲೆ. "ಇನ್ನು ವಸಂತಕ್ಕೇ. ಅಲ್ಲೀವರೆಗೆ ನನ್ನಿಂದಾಗಲ್ಲ," ಎಂದಳು. ಅಳಲಿಲ್ಲ, ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣು ಒರೆಸುವಂತಿಲ್ಲ ಎಂಬ ಎಚ್ಚರ ನಮ್ಮ ಹೆಂಗಸರಿಗೆ ಮೂಳೆಯಲ್ಲೇ ಇರುತ್ತದೆ.

ಬೆಹಿಜಾ ಬೋಗುಣಿಯತ್ತ ಕೈ ತೋರಿದಳು. "ಹೇಳ್ಬಾರ್ದಿತ್ತಾ? ಮೆಣಸಿನಕಾಯಲ್ಲಿ ಯಾರೇ ಬರೀತಾರೆ? ಮೆಣಸಿನಕಾಯಿ ಕಂಡ್ರೆ ಹರೀಸಾ ಮಾಡ್ದೆ ಮುತ್ತಿನ ಹಾರ ಅಂತ ಹಾಕ್ಕೊಳ್ಲಾ?"

ಆಗ ಅಂಗಳದ ಮೂಲೆಯಿಂದ ಶೆದ್ಲಿಯಾಳ ದನಿ ಬಂತು. ಮುದುಕಿ ತಾಬೂನಾ ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ದಾರ ತಾ," ಎಂದಳು.

"ಉಮ್ಮಿ?" ಎಂದಳು ವಸೀಲಾ. ಅತ್ತೆಯನ್ನೂ ಅವಳು ಅಮ್ಮ ಎಂದೇ ಕರೆಯುತ್ತಿದ್ದಳು.

"ದಾರ ತಾ ಅಂದೆ. ಬುಟ್ಟೀಲಿ ಒಣಕಾಯಿ ಇದೆ, ಮರದಲ್ಲಿ ಎಲೆ ಇದೆ. ಮತ್ತೆ ಪೋಣಿಸು. ನಾನು ಹೇಳ್ತೀನಿ."

"ನಿಮಗೆ ಹೇಗೆ ಗೊತ್ತಿರುತ್ತೆ ಉಮ್ಮಿ? ತೊಂಬತ್ತು ದಿನ!"

"ನೀನು ಮಲಗಿದ ದಿನ ರೊಟ್ಟಿ ಸುಟ್ಟೋಳು ಯಾರು? ಒಲೆಗೆ ಬಗ್ಗಿದ್ದು ಯಾರ ಮಂಡಿ? ನನ್ನ ಮಂಡೀನ ಕೇಳು, ಒಂದೊಂದೂ ಹೇಳುತ್ತೆ." ಮುದುಕಿ ಕಣ್ಣು ಮುಚ್ಚಿದಳು. "ನೀನು ಡಾಕ್ಟರ್ ಹತ್ರ ಹೋಗಿಬಂದ ಮಂಗಳವಾರ, ಬುಧವಾರ ನೀನೇ ಸುಟ್ಟೆ. ಗುರುವಾರ ಶೆಹಿಲಿ ಬಿಸಿಗಾಳಿ ಬೀಸ್ತು, ನೀನು ಮಲಗಿದೆ, ನಾನು ಸುಟ್ಟೆ, ನಾಕು ರೊಟ್ಟಿ ಒಲೆ ಒಳಗೆ ಬಿದ್ವು. ಎರಡು ಗಂಟು, ಒಂದು ಕಾಯಿ. ಹಾಕು."

ವಸೀಲಾಳ ಕೈ ತಾನಾಗಿ ದಬ್ಬಣ ಹಿಡಿಯಿತು. ಶುಕ್ರವಾರ ಗಂಟು. ಶನಿವಾರ ಗಂಟು. ಭಾನುವಾರಕ್ಕೆ ಮುದುಕಿ ತಡೆದಳು. "ಆವತ್ತು ನೀನು ಮಲಗಿಲ್ಲ. ಕಿಟಕಿ ಕಂಬೀನೆಲ್ಲ ಬೂದಿ ಹಾಕಿ ತಿಕ್ಕಿದೆ. ಒಂದೊಂದೇ ಕಂಬಿ. ಯಾರೂ ಹೇಳಿರ್ಲಿಲ್ಲ."

ವಸೀಲಾ ಎದ್ದು ಮರದಿಂದ ಒಂದು ಎಲೆ ಕಿತ್ತಳು.

"ಸೋಮವಾರ ಬಾವಿಕಟ್ಟೆಗೆ ಸುಣ್ಣ ಹೊಡೆದೆ."

ಇನ್ನೊಂದು ಎಲೆ.

"ಮಂಗಳವಾರ ಶುದ್ಧವಾಗಿದ್ದ ಹಿಟ್ಟನ್ನ ಎರಡು ಸಲ ಜರಡಿ ಹಿಡಿದೆ."

"ಉಮ್ಮಿ," ಎಂದಳು ವಸೀಲಾ. "ನಿಮಗೆ ಗೊತ್ತಿತ್ತಾ?"

"ನೀನು ಮಾತಿಲ್ಲದೆ ಕೆಲಸ ಮಾಡೋ ದಿನ ಮನೆ ಹೊಳೀತಿತ್ತು. ಹೊಳೆಯೋ ಮನೆ ಕಂಡ್ರೆ ನನಗೆ ಭಯ ಆಗ್ತಿತ್ತು. ಅದಕ್ಕೆ ಏನನ್ನಬೇಕು ಅಂತ ಗೊತ್ತಿರ್ಲಿಲ್ಲ, ಅಷ್ಟೆ. ಬುಧವಾರ, ಗುರುವಾರ, ಶುಕ್ರವಾರ ನಾನು ರೊಟ್ಟಿ ಸುಟ್ಟೆ. ಮೂರು ಕಾಯಿ."

ಬೆಹಿಜಾ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದ್ದಳು. ಅವಳಿಗೂ ಹುರುಪು ಬಂದಿತ್ತು. ಪಕ್ಕದ ಬೀದಿಯಲ್ಲಿದ್ದುಕೊಂಡು ತಮ್ಮನ ಮನೆಗೆ ಬಂದ ಒಂದೊಂದು ಸಲವೂ ಅವಳಿಗೆ ನೆನಪಿತ್ತು, ಕೊಟ್ಟ ಕಾಫಿ ತಣ್ಣಗಿತ್ತೋ ಬಿಸಿಯೋ ಎನ್ನುವಷ್ಟು. ಮುನ್ಸಿಫ್ ಕಾರ್ಖಾನೆಯಿಂದ ಬಂದಾಗ ಮೂರೂ ಹೆಂಗಸರು ಒಂದು ದಾರದ ಸುತ್ತ ತಲೆ ತಗ್ಗಿಸಿ ಕೂತಿದ್ದರು.

"ಹರೀಸಾ ಆಯ್ತಾ?"

"ಆಗಿಲ್ಲ. ಕೂತ್ಕೋ," ಎಂದಳು ತಾಯಿ. "ಟೊಮ್ಯಾಟೊದ ಮೊದಲನೇ ಲಾರಿ ಯಾವತ್ತು ಬಂತು?"

"ಜುಲೈ ಹನ್ನೆರಡು. ಯಾಕೆ?"

"ಆವತ್ತು ನೀನು ಮನೆಗೆ ಬಂದಾಗ ವಸೀಲಾ ಹೇಗಿದ್ಲು?"

"ನನಗೇನು ಗೊತ್ತು ಉಮ್ಮಿ? ಊಟ ತಯಾರಿತ್ತು."

"ಅದೊಂದು ಗೊತ್ತು ನಿನಗೆ. ಕಾಯಿ ಹಾಕು ವಸೀಲಾ. ಆ ಊಟ ನಾನು ಮಾಡಿದ್ದು."

ಮುನ್ಸಿಫ್ ಏನೋ ನಗೆಮಾತು ಹೇಳಹೊರಟು, ಹೆಂಡತಿಯ ಮುಖ ನೋಡಿ, ಕಲ್ಲಿನ ಮೇಲೆ ಕೂತ. ಆಮೇಲೆ ತಾರೀಖು ಬೇಕಾದಾಗಲೆಲ್ಲ ಕೇಳಿದ್ದಕ್ಕೆ ಉತ್ತರ ಕೊಟ್ಟ.

ಆಗಸ್ಟ್ ಬಂತು. ನಿಶ್ಚಿತಾರ್ಥ ಬಂತು.

"ಇದಕ್ಕೆ ನಾನು ಸಾಕ್ಷಿ," ಎಂದಳು ಬೆಹಿಜಾ. "ನನ್ನ ಮಗಳಿಗೆ ನಾಕು ದಿನ ಕೂತು ಕುಸ್ಕುಸ್ ಹೊಸೆದ್ಳು, ಐದನೇ ದಿನ ನೂರು ಜನಕ್ಕೆ ಬಡಿಸಿದ್ಳು. ಒಂದು ದಿನಾನೂ ಹಣೆಗೆ ಬಟ್ಟೆ ಇಲ್ಲ. ಐದು ಗಂಟು."

ವಸೀಲಾ ಮರದಿಂದ ಐದು ಎಲೆ ತಂದಳು.

"ಏನೇ ಅದು? ಆವತ್ತು ನೀನು ನಗ್ತಾ ಇದ್ಯಲ್ಲೇ! ನಾಲಿಗೆ ಆಡಿಸಿ ಜಗುರಿತ್ ಕೂಗು ಹಾಕಿದ್ದು ನೀನೇ ಎಲ್ಲರಿಗಿಂತ ಜೋರಾಗಿ. ಬೀದಿಯೆಲ್ಲ ಕೇಳಿಸ್ತು ನಿನ್ನ ನಾಲಿಗೆ."

"ನಗ್ತಾ ಇದ್ದೆ," ಎಂದಳು ವಸೀಲಾ, ಒಂದೊಂದೇ ಎಲೆ ಚುಚ್ಚುತ್ತ.

ಬೆಹಿಜಾ ಆ ಐದು ಹಸಿ ಎಲೆಗಳನ್ನು ನೋಡುತ್ತ ಕೂತಳು. "ಮಾರನೇ ದಿನದಿಂದ ನೀನು ನಾಕು ದಿನ ಮಲಗಿದೆ," ಎಂದಳು ಕೊನೆಗೆ, ಮೆಲ್ಲಗೆ. "ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ತಲೆನೋವು ತಂದ್ಕೊಂಡ್ಳು ಅಂತ ನಾನು ಎಲ್ಲರ ಹತ್ರ ಹೇಳ್ದೆ. ನಾಕು ಕಾಯಿ ಹಾಕು."

ನಿನ್ನೆಯ ದಿನಕ್ಕೆ ಬಂದರು. ನಿನ್ನೆ ವಸೀಲಾ ಬೀರುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದ್ದಳು. ಎಲೆ.

"ಇವತ್ತು?" ಎಂದಳು ಶೆದ್ಲಿಯಾ.

ವಸೀಲಾ ಯೋಚಿಸಿದಳು. ಬೆಳಗಿನ ಸಮುದ್ರ ಹೇಗಿತ್ತೆಂದು ನೆನಪಿಗೆ ಬರಲಿಲ್ಲ.

"ಉಣ್ಣೆ ಹೋದ ವಸಂತದಲ್ಲೇ ತೊಳೆದಾಗಿತ್ತು," ಎಂದಳು ಮುದುಕಿ. "ಇನ್ನೂ ಎರಡು ವರ್ಷ ಮುಟ್ಟಬೇಕಾಗಿರ್ಲಿಲ್ಲ."

ಕೊನೆಯ ಎಲೆ ಸೇರಿತು. ಸರ ಮುಗಿಯಿತು. ವಸೀಲಾ ಅದನ್ನು ಅಂಗಳದ ಚಾಪೆಯ ಮೇಲೆ ಉದ್ದಕ್ಕೆ ಬಿಡಿಸಿಟ್ಟಳು. ಸಂಜೆಯ ಬಿಸಿಲು ಅಡ್ಡಕ್ಕೆ ಬಿದ್ದಿತ್ತು. ಪೋಣಿಸುವಾಗ ಒಂದೊಂದೇ ದಿನ ಕಂಡಿತ್ತು. ಈಗ ಮೊದಲ ಸಲ ಇಡೀ ಬೇಸಿಗೆ ಒಟ್ಟಿಗೆ ಕಂಡಿತು. ಅಂಗಡಿಯಿಂದ ಬಂದ ರಹ್ಮಾ ಚೀಲವನ್ನೂ ಇಳಿಸದೆ ನೋಡುತ್ತ ನಿಂತಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ. ಅವಳೇ ಬಗ್ಗಿ, ಬೆರಳಿಟ್ಟು, ಎಣಿಸತೊಡಗಿದಳು.

ಇಪ್ಪತ್ತಾರು ಕಾಯಿ, ಇಪ್ಪತ್ತೊಂದು ಎಲೆ. ಒಂಬತ್ತು ಕಾಯಿಗಳು ಒಂಟಿ. ಬಿಸಿಗಾಳಿ ಬೀಸಿದ ದಿನ ಒಂದು, ಉಪವಾಸ ಬಿದ್ದ ದಿನ ಒಂದು, ಹೀಗೆ. ಬಂದವು, ಸಂಜೆಗೆ ಹೋದವು. ಉಳಿದವೆಲ್ಲ ಗುಂಪುಗುಂಪು, ಐದು ಗುಂಪು, ಪ್ರತಿಯೊಂದರಲ್ಲೂ ಮೂರು ನಾಲ್ಕು ಕಾಯಿ. ಆ ಐದು ಕೆಂಪು ಗುಂಪುಗಳ ಪ್ರತಿಯೊಂದಕ್ಕೂ ಮುಂಚೆ, ಒಂದೂ ತಪ್ಪದೆ, ಎಲೆಗಳು ಸಾಲಾಗಿ ನಿಂತಿದ್ದವು. ಎಲೆಯಿಲ್ಲದೆ ಬಂದ ನೋವು ಒಂದು ದಿನದ ನಂಟ. ಎಲೆಯ ಬೆನ್ನಿಗೆ ಬಂದ ನೋವು ಮನೆಯೊಡೆಯ. ಎರಡು ಕಡೆ ಕಾಯಿಗಳು ಮುಗಿದ ಮೇಲೂ ಮತ್ತೊಂದು ಎಲೆ ಇತ್ತು, ನೋವು ಹೋಗುವಾಗ ಬಾಗಿಲಲ್ಲಿ ಬಿಟ್ಟುಹೋದಂತೆ.

"ಅಮ್ಮಾ," ಎಂದಳು ರಹ್ಮಾ. "ಬರೀ ಗಂಟು ನಲವತ್ನಾಲ್ಕು ಇದೆ."

ವಸೀಲಾ ಗಂಟುಗಳನ್ನು ಎಣಿಸಬೇಕೆಂದು ಎಂದೂ ಅಂದುಕೊಂಡಿರಲಿಲ್ಲ. ನಲವತ್ತನಾಲ್ಕು ದಿನ ನೋವಿರಲಿಲ್ಲ, ಬೂದಿಯಿರಲಿಲ್ಲ, ತಾನಿದ್ದೆ! ಹತ್ತಿರ ಹತ್ತಿರ ಅರ್ಧ ಬೇಸಿಗೆ! ಮೂವತ್ತೆಂಟು ವರ್ಷ ಹೊತ್ತು ತಿರುಗಿದ ಮೈ ಒಂದು ಕ್ರಮದಿಂದ ನಡೆಯುತ್ತಿತ್ತು, ಹಿನ್ನೀರಿಗೆ ಹಕ್ಕಿ ಬಂದು ಹೋಗುವ ಹಾಗೆ. ಇದನ್ನು ತಾನೂ ಅರಿಯದೆ ತನ್ನ ಕೈ ದಿನವೂ ಬರೆದಿತ್ತು. ಬೂದಿ ಬಳಿದ ದಿನಗಳಲ್ಲೂ ಈ ಕೈ ಸುಣ್ಣ ಹೊಡೆದಿತ್ತು, ನೂರು ಜನಕ್ಕೆ ಉಣಿಸಿತ್ತು. ಅವಳು ತನ್ನ ಅಂಗೈಗಳನ್ನು ಮೇಲೆ ಮಾಡಿ ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ಕಡೇಲಿ ಎರಡು ಎಲೆ ಇದೆ," ಎಂದಳು ಶೆದ್ಲಿಯಾ, ಗಾಳಿ ನೋಡಿ ದೋಣಿ ಬೇಡವೆನ್ನುವ ಬೆಸ್ತರ ದನಿಯಲ್ಲಿ. "ನಾಳೆ ಇಲ್ಲ ನಾಡಿದ್ದು ಕಾಯಿ ಬರುತ್ತೆ. ಮುನ್ಸಿಫ್, ಸೌದೆ ಇವತ್ತೇ ಒಡೆದಿಡು. ಬೆಹಿಜಾ, ನಾಡಿದ್ದು ರೊಟ್ಟಿ ನೀನು ಸುಡು. ನನ್ನ ಮಂಡಿಗೆ ಸಾಕಾಗಿದೆ."

"ನನ್ನ ಮನೇದೇ ಹೊರೆ ಇದೆ ಉಮ್ಮಿ. ನನಗೂ ಎಲೆ ಇದೆ ಅಂದ್ರೆ ಯಾವ ಮೊಳೆಗೆ ನೇತುಹಾಕ್ಲಿ?"

ಹೇಳಿದ್ದು ಗೊಣಗಾಟಕ್ಕೆ. ಆದರೆ ಹೇಳಿ ಮುಗಿಸಿದ ಮೇಲೆ ಬೆಹಿಜಾ ತಾನೇ ತನ್ನ ಮಾತಿಗೆ ಕಿವಿಗೊಟ್ಟವಳಂತೆ ಮರದ ಎಲೆಗಳ ಕಡೆ ನೋಡಿದಳು.

ಮಾರನೇ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರ್ ಇಂತಿಸಾರ್‌ಳ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ವಸೀಲಾ ಬಟ್ಟೆಯ ಗಂಟು ಬಿಚ್ಚಿ ಸರವನ್ನು ಕಾಗದಗಳ ಮೇಲೆ ಹರಡಿದಳು. ಮೇಜು ಸಾಲದೆ ಕೊನೆ ಕೆಳಗೆ ಇಳಿಯಿತು, ಶೆದ್ಲಿಯಾ ಅದನ್ನು ಮಗುವಿನ ಕಾಲು ಹಿಡಿದಂತೆ ಹಿಡಿದುಕೊಂಡಳು. ಡಾಕ್ಟರ್ ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದಳು. ಎಲೆಗಳ ಮೇಲೆ ಬೆರಳು ನಿಧಾನವಾಯಿತು. ಹೊರಗೆ ಸರದಿಯಲ್ಲಿದ್ದ ಯಾರೋ ಬಾಗಿಲು ತಟ್ಟಿದರು; "ತಡೀರಿ," ಎಂದಳು, ತಲೆಯೆತ್ತದೆ.

"ಇದನ್ನ ಯಾರು ಮಾಡಿದ್ದು?"

"ಪೋಣಿಸಿದ್ದು ನಾನು. ನೆನಪಿಟ್ಕೊಂಡಿದ್ದು ಇವರ ಮಂಡಿ."

ಕತೆಯೆಲ್ಲ ಕೇಳಿದ ಮೇಲೆ ಡಾಕ್ಟರ್ ನಕ್ಕಳು, ಆಮೇಲೆ ಕನ್ನಡಕ ತೆಗೆದು ಒರೆಸಿದಳು. "ನಾನು ಪುಸ್ತಕದಲ್ಲಿ ಓದಿದ್ದು ಇದನ್ನೇ," ಎಂದಳು. "ಹೀಗೆ ಕಣ್ಣೆದುರು ಮಲಗಿದ್ದನ್ನ ಮಾತ್ರ ನೋಡಿರ್ಲಿಲ್ಲ." ಔಷಧಿ ಬರೆದಳು. ದಿನವೂ ಒಂದು ಚಿಕ್ಕ ಮಾತ್ರೆ, ತಲೆಗೂ ಮನಸ್ಸಿಗೂ ಅದೇ; ಹಿಡಿಯಲು ವಾರಗಳು ಬೇಕು, ಮಧ್ಯೆ ಬಿಡಬಾರದು. ನಬೂಲ್‌ನ ಆಸ್ಪತ್ರೆಯಲ್ಲಿ ಮನಸ್ಸಿನ ಭಾರ ಹೇಳಿಕೊಳ್ಳಲು ಒಬ್ಬ ಸಲಹೆಗಾರ್ತಿಯ ಹೆಸರು ಬರೆದುಕೊಟ್ಟಳು. "ಮತ್ತೆ ಈ ಎಲೆ ಇದೆಯಲ್ಲ," ಎಂದು ಶೆದ್ಲಿಯಾಳ ಕಡೆ ತಿರುಗಿದಳು. "ಮೊದಲನೇ ಎಲೆ ಬಿದ್ದ ದಿನಾನೇ ಇವರ ಹಣೆಗೆ ಬಟ್ಟೆ ಕಟ್ಟಿ. ಕಾಯಿ ಬರೋವರೆಗೂ ಕಾಯ್ಬೇಡಿ."

ನೋವು ಬುಧವಾರ ಬಂತು. ಹೇಳಿದ ಮಾತಿಗೆ ಹೇಳಿದ ದಿನ. ವಸೀಲಾ ಪರದೆ ಇಳಿಸಿದ ಕೋಣೆಯಲ್ಲಿ ಮಲಗಿ ಕಣ್ಣಂಚಿನ ಗರಗಸ ಬೆಳೆಯುವುದನ್ನು ನೋಡಿದಳು. ನೋವು ನೋವೇ, ಕಡಿಮೆಯೇನಿರಲಿಲ್ಲ. ಆದರೆ ಹದಿಮೂರನೆಯ ವಯಸ್ಸಿನ ಆ ಬೆರಗು ಮೊದಲ ಸಲ ಅದರ ಜೊತೆ ಬಂದಿತ್ತು. ಅಂಗಳದಲ್ಲಿ ಬೆಹಿಜಾ ಒಲೆಯನ್ನೂ ಸೌದೆಯನ್ನೂ ತಮ್ಮನನ್ನೂ ಬೈಯುತ್ತ, ದನಿ ತಗ್ಗಿಸಿಯೇ ಬೈಯುತ್ತ, ರೊಟ್ಟಿ ಸುಡುತ್ತಿದ್ದಳು.

ಚಳಿಗಾಲ ಬಂತು. ಮೊಳೆಗೆ ಹೊಸ ಸರ ಏರಿತು. ಮಾತ್ರೆ ಪವಾಡ ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ಏನೂ ಬದಲಾಗಲಿಲ್ಲ. ನವೆಂಬರ್‌ನಿಂದ ಎಲೆಗಳ ನಡುವೆ ಗಂಟುಗಳು ಹೆಚ್ಚುತ್ತ ಬಂದವು. ಕಾಯಿಗಳು ಪೂರ್ತಿ ನಿಲ್ಲಲಿಲ್ಲ, ಆದರೆ ಗುಂಪು ಕಟ್ಟುವುದನ್ನು ಬಿಡುತ್ತಿದ್ದವು. ಒಮ್ಮೆ, ಯಾವ ನೋವೂ ಇಲ್ಲದ ಬೆಳಿಗ್ಗೆ, ವಸೀಲಾ ಎಲೆಯೊಂದನ್ನು ಪೋಣಿಸಿ, ಹಣೆಗೆ ಕೆಂಪು ಬಟ್ಟೆ ಬಿಗಿದು ಮಲಗಿದಳು. ಮುನ್ಸಿಫ್ ಬಾಗಿಲ ಹಿಂದೆ ನೋಡಿ ಬಂದು, "ಎಲೆ ದಿನ, ಸದ್ದು ಮಾಡ್ಬೇಡ," ಎಂದು ರಹ್ಮಾಳಿಗೆ ಹೇಳುವುದು ಅವಳಿಗೆ ಕೇಳಿಸಿತು. ಕಿಟಕಿಯ ಕಂಬಿಗಳ ಮೇಲೆ ಧೂಳಿತ್ತು. ಇರಲಿ ಎಂದು ಮಗ್ಗುಲಾದಳು.

ಆ ವರ್ಷದ ಹರೀಸಾ ಎರಡು ದಿನ ಹೆಚ್ಚು ನೆನೆದದ್ದಕ್ಕೋ ಏನೋ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ ಬರುವಂತಿತ್ತು. ಒಂದು ಮಧ್ಯಾಹ್ನ ಮುನ್ಸಿಫ್ ರೊಟ್ಟಿಯ ತುಂಡನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಉಸ್ಸೆಂದ. "ಯಾ ಲತೀಫ್! ಏನು ಹಾಕಿದ್ದೀರೇ ಇದಕ್ಕೆ?"

ವಸೀಲಾ ಜಾಡಿಯೊಳಗೆ ಬಗ್ಗಿ ನೋಡಿದಳು. "ಆಗಸ್ಟ್ ಇರ್ಬೇಕು," ಎಂದಳು. "ನಿಶ್ಚಿತಾರ್ಥ ಆದ ವಾರ."

ಮುನ್ಸಿಫ್‌ನ ಕೈ ತುತ್ತಿನ ಮೇಲೇ ನಿಂತಿತು. ಅವಳನ್ನು ನೋಡಿದ. ಆಮೇಲೆ ಇನ್ನೊಂದು ತುಂಡು ಮುರಿದು, ಬಟ್ಟಲಿನ ಅಂಚನ್ನೂ ಬಿಡದೆ ಒರೆಸಿಕೊಂಡು, ಕಣ್ಣು ಮೂಗೆಲ್ಲ ಸುರಿಯುತ್ತಿದ್ದರೂ, ಪೂರ್ತಿ ತಿಂದ.